ಗೋಲು ಹೊಡೆಯುವವನಿಗೆ ಮಾಫಿ

2011ರಲ್ಲಿ ಭಾರತ ಹಾಕಿ ತಂಡದ ಶಿಬಿರ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ನಡೆಯುತ್ತಿದ್ದಾಗ ಸರ್ದಾರ್ ಸಿಂಗ್ ಮತ್ತು ಸಂದೀಪ್ ಸಿಂಗ್ ಶಿಬಿರ ಬಿಟ್ಟು ಹೊರಟುಹೋದರು. ದೇಶದ ಹಾಕಿ ಆಡಳಿತ ಸಂಸ್ಥೆಯಾದ ಹಾಕಿ ಇಂಡಿಯಾ ಕೆಂಡಾಮಂಡಲವಾಗಿ ಇಬ್ಬರಿಗೂ ಎರಡು ವರ್ಷ ನಿಷೇಧ ಹಾಕಿತು. ಇಬ್ಬರೂ ಕ್ಷಮೆ ಕೇಳಿದರು, ಹಾಕಿ ಇಂಡಿಯಾ ಶಿಕ್ಷೆಯನ್ನು ಮಡಚಿ ಕಪಾಟಿನಲ್ಲಿಟ್ಟಿತು. 2012ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಒಲಿಂಪಿಕ್ ಅರ್ಹತಾ ಟೂರ್ನಿ ನಡೆಯಿತು. ಸಂದೀಪ್ ಒಟ್ಟು 16 ಗೋಲು ಹೊಡೆದರು. ಫೈನಲ್‌ನಲ್ಲಿ ಫ್ರಾನ್ಸನ್ನು 8-1ರಿಂದ ಬಡಿದಾಗ ಅದರಲ್ಲಿ ಐದು ಅವರದೇ. ದೇಶಕ್ಕೆ ದೇಶವೇ ಚಪ್ಪಾಳೆ ತಟ್ಟಿತು.

ಚಪ್ಪಾಳೆಗೆ ನನ್ನ ತಕರಾರಿಲ್ಲ, ಗೋಲು ಚೆನ್ನಾಗಿಯೇ ಇದ್ದವು. ಆದರೆ ಶಿಬಿರ ಬಿಟ್ಟು ಹೋಗುವುದು ಎರಡು ವರ್ಷದ ತಪ್ಪೇ ಆಗಿದ್ದರೆ, ಒಂದು ಕ್ಷಮಾಪಣೆಗೆ ಅದು ಕರಗಿದ್ದು ಹೇಗೆ? ಅಥವಾ ಕ್ಷಮೆ ಕೇಳಿದರೆ ಮುಗಿದುಹೋಗುವಷ್ಟು ಸಣ್ಣ ತಪ್ಪಾಗಿದ್ದರೆ, ಇಬ್ಬರು ಯುವಕರ ಬದುಕಿನ ಎರಡು ವರ್ಷಕ್ಕೆ ಕತ್ತರಿ ಹಾಕುತ್ತೇವೆಂದು ಹೊರಟವರನ್ನು ಯಾರು ವಿಚಾರಿಸಿಕೊಂಡರು? ಈ ಎರಡು ಪ್ರಶ್ನೆಯಲ್ಲಿ ಒಂದನ್ನಾದರೂ ಯಾರಾದರೂ ಕೇಳಬೇಕಿತ್ತು. ಕೇಳದೆ ಕೂತವರಲ್ಲಿ ನಾವೂ ಇದ್ದೇವೆ. ನಾವು ಎಂದರೆ ಪೇಪರಿನ ಕೊನೆಯ ಪುಟದಿಂದ ಓದಲು ಶುರು ಮಾಡುವ ಜನ.

ಕಿಬ್ಬನಹಳ್ಳಿ ಕ್ರಾಸಿನ ಹೋಟೆಲಿನಲ್ಲಿ ಈ ಮಾತು ತೆಗೆದರೆ ಸಿಗುವ ಉತ್ತರ ನನಗೆ ಬಾಯಿಪಾಠ. "ಬುಡಣ್ಣ, ಆಡ್ತಾನಲ್ಲ, ಅಷ್ಟು ಸಾಕು." ಶಿವಮೊಗ್ಗದ ಬಸ್ಸಿಗೆ ಕಾಯುವವರು, ಚಿಕ್ಕನಾಯಕನಹಳ್ಳಿಯಿಂದ ಇಳಿದು ತುರುವೇಕೆರೆ ಬಸ್ಸು ಹತ್ತುವವರು, ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಚೀಲ ಸಾಗಿಸುವವರು, ಎಲ್ಲರದೂ ಅದೇ ಉತ್ತರ. ಹಾಕಿ ನಮ್ಮ ಸೀಮೆಯ ಆಟವೇ ಅಲ್ಲ, ಇಲ್ಲಿ ಹಾಕಿ ಕೋಲು ಹೆಚ್ಚಾಗಿ ಕಾಣುವುದು ಸಿನಿಮಾದ ಹೊಡೆದಾಟಗಳಲ್ಲಿ. ಆದರೆ ಈ "ಬುಡಣ್ಣ" ಎಂಬುದು ಹಾಕಿಗೆ ಮಾತ್ರ ಅಂಟಿದ ರೋಗವಲ್ಲ. ಗೆಲ್ಲಿಸುವವನು ಏನು ಮಾಡಿದರೂ ನಡೆಯುತ್ತದೆ, ಗೆಲ್ಲಿಸದವನು ಏನೂ ಮಾಡದಿದ್ದರೂ ಹೊರಗೆ ಹೋಗಬೇಕು ಎಂಬ ಲೆಕ್ಕವನ್ನು ನಾವು ಎಲ್ಲ ಆಟಕ್ಕೂ ಒಪ್ಪಿಕೊಂಡು ಹಾಯಾಗಿದ್ದೇವೆ. ಈ ಹಾಯನ್ನು ಸ್ವಲ್ಪ ಕೆಡಿಸುವುದೇ ಈ ಬರಹದ ಉದ್ದೇಶ.

ಏನೂ ಮಾಡದೆ ಹೊರಗೆ ಹೋದವರ ಕತೆಗೆ ಬರೋಣ. 1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯಾಡ್‌ನಲ್ಲಿ ಭಾರತ ಹಾಕಿ ಚಿನ್ನ ಗೆದ್ದಿತು. 1966ರ ಮೇಲೆ, 32 ವರ್ಷ ಬಿಟ್ಟು ಬಂದ ಚಿನ್ನ. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್ ಟೈಬ್ರೇಕರ್‌ಗೆ ಹೋದಾಗ ಗೋಲಿನ ಬಾಯಿಗೆ ಅಡ್ಡ ನಿಂತು ತಂಡವನ್ನು ಉಳಿಸಿದವರು ಬೆಂಗಳೂರಿನ ಆಶಿಶ್ ಬಲ್ಲಾಳ್. ನಾಯಕ ಧನರಾಜ್ ಪಿಳ್ಳೈ. ಪದಕದ ಹೊಳಪು ಆರುವ ಮೊದಲೇ, ಪಾಕಿಸ್ತಾನದ ಮೇಲಿನ ಸರಣಿಗೆ ತಂಡ ಆರಿಸುವಾಗ ಧನರಾಜ್, ಬಲ್ಲಾಳ್ ಸೇರಿ ಏಳು ಮಂದಿಯನ್ನು ಕೈಬಿಟ್ಟರು. ಕಾರಣ ಕೇಳಿದರೆ "ವಿಶ್ರಾಂತಿ" ಎಂದರು. ಆಟಗಾರರು ಭತ್ಯೆ ಮತ್ತು ಸೌಕರ್ಯದ ಬಗ್ಗೆ ಬಾಯಿ ತೆರೆದಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರ ಮೇಲೂ ಆರೋಪ ಪತ್ರವಿಲ್ಲ, ವಿಚಾರಣೆಯಿಲ್ಲ. ಆರೋಪ ಹೊರಿಸಿದರೆ ಉತ್ತರ ಕೇಳಬೇಕಾಗುತ್ತದೆ. ವಿಶ್ರಾಂತಿ ಕೊಟ್ಟರೆ ಆ ತಾಪತ್ರಯವಿಲ್ಲ.

ಆಗ ಹಾಕಿ ಒಕ್ಕೂಟದ ಗದ್ದುಗೆಯಲ್ಲಿದ್ದವರು ಕೆ.ಪಿ.ಎಸ್. ಗಿಲ್. ಅವರ ಒಕ್ಕೂಟದ ಕಾರ್ಯದರ್ಶಿ ಕೆ. ಜ್ಯೋತಿಕುಮಾರನ್ 2008ರ ಏಪ್ರಿಲ್‌ನಲ್ಲಿ ಆಟಗಾರನೊಬ್ಬನನ್ನು ತಂಡಕ್ಕೆ ಸೇರಿಸಲು ಹಣ ಪಡೆಯುವುದನ್ನು ಟಿವಿ ವಾಹಿನಿಯೊಂದು ಕದ್ದು ಸೆರೆಹಿಡಿದು ತೋರಿಸಿತು. ಅವರು ರಾಜೀನಾಮೆ ಕೊಟ್ಟರು, ಒಕ್ಕೂಟವೇ ಅಮಾನತಾಯಿತು. ಅದಕ್ಕೆ ಒಂದು ತಿಂಗಳು ಹಿಂದೆಯಷ್ಟೇ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್‌ಗೆ ಸೋತು ಭಾರತ 1928ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸ್‌ಗೇ ಹೋಗದಂತಾಗಿತ್ತು. ಗೆದ್ದಾಗ ಯಾರೂ ಕೇಳದ ಲೆಕ್ಕವನ್ನು ಸೋತಾಗ ಕೇಳಿದರು. ನಮ್ಮ ನೈತಿಕತೆಗೆ ಸ್ಕೋರ್‌ಬೋರ್ಡೇ ಪಂಚಾಂಗ.

ಅಮಾನತಾದ ಒಕ್ಕೂಟದ ಜಾಗಕ್ಕೆ ಬಂದ ಹೊಸ ಸಂಸ್ಥೆ ಹಾಕಿ ಇಂಡಿಯಾ ಆದರೂ ಪಾಠ ಕಲಿಯಿತೇ ಎಂದರೆ, 2010ರ ಜನವರಿಗೆ ಬನ್ನಿ. ವಿಶ್ವಕಪ್ಪಿಗೆ ಎರಡು ತಿಂಗಳೂ ಇಲ್ಲ. ಪುಣೆಯ ಶಿಬಿರದಲ್ಲಿ ಆಟಗಾರರು ಬಾಕಿ ಹಣ ಕೊಡುವ ತನಕ ಅಭ್ಯಾಸ ಮಾಡುವುದಿಲ್ಲ ಎಂದು ಕೋಲು ಕೆಳಗಿಟ್ಟರು. ಕೂಲಿ ಕೇಳಿದ್ದನ್ನು ಅಶಿಸ್ತು ಎಂದು ಕರೆದರು, ತಂಡವನ್ನೇ ಬದಲಾಯಿಸುತ್ತೇವೆ ಎಂದು ಗಡುವು ಕೊಟ್ಟರು. ದೇಶದ ತುಂಬ ಗಲಾಟೆಯಾಗಿ, ಪ್ರಾಯೋಜಕರು ಜೇಬಿಗೆ ಕೈ ಹಾಕಿದ ಮೇಲೆ ರಾಜಿಯಾಯಿತು. ಮರುವರ್ಷ ಇದೇ ದೇಶದ ತಂಡ ಚೀನಾದ ಓರ್ಡೋಸ್‌ನಲ್ಲಿ ಮೊದಲ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದು ಬಂದಾಗ ತಲೆಗೆ 25 ಸಾವಿರ ರೂಪಾಯಿ ಬಹುಮಾನ ಘೋಷಿಸಿದರು, ಆಟಗಾರರು ಬೇಡವೆಂದರು. ಆ ಬೇಡವನ್ನು ದುರಹಂಕಾರವೆಂದು ಬಯ್ದವರೂ ನಮ್ಮ ನಡುವೆಯೇ ಇದ್ದರು.

ಅದಾದ ಮೇಲೆ 2012ರ ವರ್ಲ್ಡ್ ಸೀರೀಸ್ ಹಾಕಿ. ನಿಂಬಸ್ ಕಂಪನಿಯೂ ಹಳೆಯ ಒಕ್ಕೂಟವೂ ಸೇರಿ ನಡೆಸಿದ ವೃತ್ತಿಪರ ಲೀಗ್. ನಮ್ಮ ಬೆಂಗಳೂರಿಗೂ ಕರ್ನಾಟಕ ಲಯನ್ಸ್ ಎಂಬ ತಂಡವಿತ್ತು, ಸೋಮವಾರಪೇಟೆ ಕಡೆಯ ಅರ್ಜುನ್ ಹಾಲಪ್ಪ ಅದರ ನಾಯಕ. ಹಾಕಿ ಇಂಡಿಯಾ ಇದಕ್ಕೆ ಮಾನ್ಯತೆ ಕೊಡಲಿಲ್ಲ, ಆಡಿದವರಿಗೆ ಭಾರತ ತಂಡದ ಬಾಗಿಲು ಮುಚ್ಚಿತು. ಲೀಗ್ ಫೆಬ್ರುವರಿ ಕೊನೆಗೆ ಶುರುವಾಗಿ ಏಪ್ರಿಲ್ ಮೊದಲಿಗೆ ಮುಗಿಯಿತು, ಶೇರ್-ಎ-ಪಂಜಾಬ್ ಗೆದ್ದಿತು. ಎರಡನೇ ಆವೃತ್ತಿ ನಡೆಯಲೇ ಇಲ್ಲ. ಒಪ್ಪಂದದಂತೆ ಹಣ ಬಂದಿಲ್ಲ ಎಂದು ಆಟಗಾರರು ದೂರುತ್ತಲೇ ಇದ್ದರು. ಈಗ ನೋಡಿ: ಶಿಬಿರ ಬಿಟ್ಟು ಹೋದ ಆಟಗಾರನಿಗೆ ಎರಡು ವರ್ಷದ ಶಿಕ್ಷೆ ಬರೆಯಲು ಸಮಿತಿಯಿದೆ. ಮಾತು ಕೊಟ್ಟು ಸಂಬಳ ಕೊಡದ ಮಾಲೀಕನಿಗೆ ಶಿಕ್ಷೆ ಬರೆಯುವ ಸಮಿತಿ ಎಲ್ಲಿದೆ? ಒಪ್ಪಂದ ಮುರಿದವನು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬೂಟು ತೊಟ್ಟವನೇ ಹೊರತು ಸಹಿ ಹಾಕಿಸಿಕೊಂಡವನಲ್ಲ.

2015ರ ಆಗಸ್ಟಿನಲ್ಲಿ ಭಾರತ ತಂಡದ ಗುರ್ಬಾಜ್ ಸಿಂಗ್‌ಗೆ ಒಂಬತ್ತು ತಿಂಗಳ ಅಮಾನತು ಬಂತು. ತಂಡದಲ್ಲಿ ಗುಂಪುಗಾರಿಕೆ ಮಾಡುತ್ತಾರೆ ಎಂಬ ಆರೋಪ, ಆಗ ಸಹಾಯಕ ಕೋಚ್ ಆಗಿದ್ದ ಬೆಂಗಳೂರಿನ ಜೂಡ್ ಫೆಲಿಕ್ಸ್ ಕೊಟ್ಟ ವರದಿ. ವರದಿ ಸರಿಯೋ ತಪ್ಪೋ ನಾನು ತೀರ್ಪು ಹೇಳುವುದಿಲ್ಲ. ಗುಂಪುಗಾರಿಕೆ ಎಂಬ ತಪ್ಪಿಗೆ ಅಳತೆಗೋಲು ಎಲ್ಲಿ ಬರೆದಿದೆ ಎಂದಷ್ಟೇ ಕೇಳುತ್ತೇನೆ. ಅದೇ ಬೇಸಿಗೆಯಲ್ಲಿ, ಬೆಲ್ಜಿಯಂ ಪ್ರವಾಸದಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷ ನರೀಂದರ್ ಬಾತ್ರಾ ಮತ್ತು ಕೋಚ್ ಪಾಲ್ ವ್ಯಾನ್ ಆಸ್ ಮೈದಾನದಲ್ಲೇ ಜಗಳವಾಡಿದ್ದರು. ಕೋಚ್ ಮನೆಗೆ ಹೋದರು, ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿದರು. ಮೈದಾನಕ್ಕಿಳಿದು ಕೂಗಾಡುವ ಅಧ್ಯಕ್ಷರಿಗೆ ಶಿಸ್ತಿನ ಕಲಮು ಅನ್ವಯಿಸುವುದಿಲ್ಲವೇನೋ.

"ಹೊರದೇಶದಲ್ಲಿ ಹಿಂಗೆಲ್ಲ ಇಲ್ಲ ಬಿಡ್ರಿ" ಎನ್ನುವ ಇನ್ನೊಂದು ಸೋಮಾರಿತನವೂ ನಮ್ಮಲ್ಲಿದೆ. ಅದನ್ನೂ ಸ್ವಲ್ಪ ತಟ್ಟಿ ನೋಡಬೇಕು.

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ಅತಿ ದೊಡ್ಡ ಲೀಗ್. ಅಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಎಂಬ ಕ್ಲಬ್ಬು. 2014ರ ಅಕ್ಟೋಬರಿನಲ್ಲಿ ಅದರ ಆಟಗಾರ ಸ್ಲಾವಾ ವೊಯ್ನೋವ್ ಹೆಂಡತಿಗೆ ಹೊಡೆದ ಆರೋಪದ ಮೇಲೆ ಬಂಧಿತನಾದ. ಲೀಗ್ ಅದೇ ದಿನ ಅಮಾನತು ಮಾಡಿತು, ಸಂಬಳ ಮಾತ್ರ ನಡೆಯುತ್ತಿತ್ತು. ಅಮಾನತಿನಲ್ಲಿದ್ದವನನ್ನು ತಂಡದ ಜೊತೆ ಅಭ್ಯಾಸಕ್ಕೆ ಇಳಿಸಿದ್ದಕ್ಕೆ ಕ್ಲಬ್ಬಿಗೆ ಲೀಗ್ 1 ಲಕ್ಷ ಡಾಲರ್ ದಂಡ ಹಾಕಿತು. ಮರುವರ್ಷ ಇದೇ ಕ್ಲಬ್ಬಿನ ಮೈಕ್ ರಿಚರ್ಡ್ಸ್‌ನನ್ನು ಕೆನಡಾ ಗಡಿಯಲ್ಲಿ ನೋವಿನ ಮಾತ್ರೆಯ ವಿಷಯಕ್ಕೆ ತಡೆದರು. ಜೂನ್ 17ಕ್ಕೆ ತಡೆದದ್ದು, ಜೂನ್ 29ಕ್ಕೆ ಕ್ಲಬ್ಬು ಒಪ್ಪಂದ ರದ್ದು ಮಾಡಿತು. ಇನ್ನೂ ಐದು ವರ್ಷ, 2 ಕೋಟಿ 20 ಲಕ್ಷ ಡಾಲರ್ ಬಾಕಿಯಿದ್ದ ಒಪ್ಪಂದ. ರಿಚರ್ಡ್ಸ್ ಆಗಲೇ ಮೊದಲಿನ ಆಟಗಾರನಾಗಿ ಉಳಿದಿರಲಿಲ್ಲ, ಅವನ ಸಂಬಳ ಕ್ಲಬ್ಬಿನ ಖರ್ಚಿನ ಮಿತಿಗೆ ಹೊರೆಯಾಗಿತ್ತು. ಶಿಸ್ತು ಎಂಬ ಹೆಸರಿನಲ್ಲಿ ಹೊರೆ ಇಳಿಸಿಕೊಂಡರೇ ಎಂದು ಅಲ್ಲಿನ ಜನ ಬಾಯಿಬಿಟ್ಟೇ ಕೇಳಿದರು.

ನನಗೆ ಮುಖ್ಯವಾದದ್ದು ಆಮೇಲಿನದು. ರಿಚರ್ಡ್ಸ್ ಪರವಾಗಿ ಆಟಗಾರರ ಸಂಘ ತಕರಾರು ಸಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಜಿಯಾಯಿತು. ಆ ರಾಜಿಯ ಕಂತು 2031-32ರ ತನಕ ಕ್ಲಬ್ಬಿನ ಲೆಕ್ಕದಲ್ಲಿ ಕೂತಿರುತ್ತದೆ. ತಪ್ಪು ಮಾಡಿದನೆನ್ನಲಾದವನ ಕಡೆಗೂ ಒಬ್ಬ ವಕೀಲ, ಒಂದು ಸಂಘ, ಒಬ್ಬ ಮಧ್ಯಸ್ಥಗಾರ ಇದ್ದರು. ಒಪ್ಪಂದ ಹರಿಯುವವನಿಗೆ ಹರಿದದ್ದರ ಬೆಲೆ ಕಟ್ಟಬೇಕಾದೀತು ಎಂಬ ಹೆದರಿಕೆ ಇತ್ತು. ಪುಣೆಯಲ್ಲಿ ಕೋಲು ಕೆಳಗಿಟ್ಟ ನಮ್ಮ ಹುಡುಗರ ಹಿಂದೆ ಯಾವ ಸಂಘವಿತ್ತು? ಇವತ್ತಿಗೂ ಯಾವುದಿದೆ?

ಅಲ್ಲಿನ ಇನ್ನೊಂದು ಪ್ರಕರಣ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದರಲ್ಲಿ ನಮ್ಮ ಅಭ್ಯಾಸದ ಪೂರ್ತಿ ಜಾತಕವಿದೆ. 2010ರಲ್ಲಿ ಅದೇ ಲೀಗಿನ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡ ಲೀಗಿನ ಪಟ್ಟವಾದ ಸ್ಟಾನ್ಲಿ ಕಪ್ಪಿನ ಕೊನೆಯ ಹಂತದಲ್ಲಿತ್ತು. ತಂಡದ ವಿಡಿಯೊ ಕೋಚ್ ಬ್ರ್ಯಾಡ್ ಆಲ್ಡ್ರಿಚ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಎಂದು 20 ವರ್ಷದ ಆಟಗಾರ ಕೈಲ್ ಬೀಚ್ ಹೇಳಿದ. ಮೇಲಿನವರು ಸಭೆ ಸೇರಿದರು. ಕಪ್ಪು ಕೈಗೆ ಬರುವ ಹೊತ್ತಿನಲ್ಲಿ ಗಲಾಟೆ ಬೇಡ ಎಂದು ಮೂರು ವಾರ ಸುಮ್ಮನಿದ್ದರು. ಕಪ್ಪು ಬಂದ ಮೇಲೆ ಆಲ್ಡ್ರಿಚ್‌ಗೆ ಸದ್ದಿಲ್ಲದೆ ರಾಜೀನಾಮೆ ಕೊಡಲು ಬಿಟ್ಟರು. ಕೈಗೆ ದುಡ್ಡೂ ಕೊಟ್ಟರು, ಕಪ್ಪಿನ ಮೇಲೆ ಹೆಸರನ್ನೂ ಕೆತ್ತಿಸಿದರು. ಅವನು ಮಿಷಿಗನ್‌ನ ಒಂದು ಶಾಲಾ ತಂಡದ ಜೊತೆ ಸೇರಿಕೊಂಡ. ಅಲ್ಲಿ ಒಬ್ಬ ಹುಡುಗನ ಮೇಲಿನ ಅಪರಾಧಕ್ಕೆ ಜೈಲಿಗೆ ಹೋದ. ಅಟ್ಟದ ಮೇಲೆ ಕೌಟು ಹಿಡಿದ ಕೊಬ್ಬರಿ ಸಿಕ್ಕರೆ ಅದನ್ನು ಎಸೆಯದೆ ಪಕ್ಕದ ಮನೆಯವನ ಚೀಲಕ್ಕೆ ಹಾಕಿ ಕಳಿಸಿದ ಹಾಗೆ. ಸ್ವತಂತ್ರ ತನಿಖೆಯ ವರದಿ ಹೊರಬಂದದ್ದು 2021ರ ಅಕ್ಟೋಬರಿನಲ್ಲಿ, 11 ವರ್ಷ ತಡವಾಗಿ. ಕ್ಲಬ್ಬಿಗೆ 20 ಲಕ್ಷ ಡಾಲರ್ ದಂಡ, ದೊಡ್ಡ ಕುರ್ಚಿಗಳ ರಾಜೀನಾಮೆ, ಕಪ್ಪಿನ ಮೇಲಿದ್ದ ಹೆಸರಿನ ಮೇಲೆ ಕಾಟು.

ಇದನ್ನು ಓದಿ "ಅಯ್ಯೋ ಪಾಪ" ಎಂದು ಪುಟ ತಿರುಗಿಸುವ ಮೊದಲು ನಮ್ಮ ಮನೆಯ ಕಡೆ ನೋಡಿ. ನಮ್ಮ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿ ಹತ್ತು ವರ್ಷದಲ್ಲಿ ಬಂದ ಲೈಂಗಿಕ ಕಿರುಕುಳದ ದೂರು 45, ಅದರಲ್ಲಿ 29 ತರಬೇತುದಾರರ ಮೇಲೆಯೇ ಎಂದು 2020ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯಿಂದ ಪತ್ರಿಕೆಯೊಂದು ಹೊರತೆಗೆಯಿತು. ಹಲವು ಪ್ರಕರಣಗಳಲ್ಲಿ ಸಿಕ್ಕ ಶಿಕ್ಷೆ ವರ್ಗಾವಣೆ, ಇಲ್ಲವೇ ಸಂಬಳದಲ್ಲೋ ಪಿಂಚಣಿಯಲ್ಲೋ ಒಂದಿಷ್ಟು ಕಡಿತ. ವರ್ಗಾವಣೆ ಎಂದರೆ ಏನು? ಬೇರೆ ಊರಿನ ಬೇರೆ ಮಕ್ಕಳ ಮುಂದೆ ಅದೇ ಸೀಟಿ ಹಿಡಿದು ನಿಲ್ಲುವುದು. ಅದನ್ನು ಶಿಕ್ಷೆ ಎಂದು ಕಡತದಲ್ಲಿ ಬರೆದವರು ಆ ಬೇರೆ ಊರಿನ ಮಕ್ಕಳಿಗೆ ತಂದೆತಾಯಿ ಇಲ್ಲವೆಂದು ತಿಳಿದಿದ್ದರೋ ಏನೋ. 2023ರಲ್ಲಿ ಕುಸ್ತಿಯ ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ದೂರು ಹಿಡಿದು ದೆಹಲಿಯ ಜಂತರ್ ಮಂತರಿನಲ್ಲಿ ಕೂತ ಮೇಲೆ ಗೊತ್ತಾದದ್ದು, ದೇಶದ ಅರ್ಧಕ್ಕೂ ಹೆಚ್ಚು ಕ್ರೀಡಾ ಒಕ್ಕೂಟಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಹೇಳಿದ ಹಾಗೆ ಸರಿಯಾದ ಆಂತರಿಕ ದೂರು ಸಮಿತಿ ಇರಲಿಲ್ಲ ಎಂದು. ಹತ್ತು ವರ್ಷ ಯಾರೂ ಕೇಳಿರಲಿಲ್ಲ. ಹೆಣ್ಣುಮಗಳನ್ನು ಕ್ರೀಡಾ ಹಾಸ್ಟೆಲಿಗೆ ಸೇರಿಸುವಾಗ ಊಟ ಹೇಗೆ, ಬೂಟು ಕೊಡ್ತಾರಾ ಎಂದು ವಿಚಾರಿಸುವ ಅಪ್ಪ, ದೂರು ಕೊಡಬೇಕಾದರೆ ಯಾರಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಅಪಶಕುನ.

ಮೂರನೆಯ ಸೋಮಾರಿತನ ಸ್ವಲ್ಪ ಓದಿದವರದು. "ಕೋರ್ಟಿದೆಯಲ್ಲ, ನೋಡ್ಕೊಳುತ್ತೆ." ಇದಕ್ಕೆ ಉತ್ತರ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೇ ಕೊಟ್ಟಿದೆ, ಆದರೆ ನಾವು ಕೇಳಿಸಿಕೊಳ್ಳಲಿಲ್ಲ. ಅದು ಹಾಕಿಯದಲ್ಲ, ಕ್ರಿಕೆಟ್ಟಿನದು. 2019ರ ಆಗಸ್ಟ್ 31, ಮೈಸೂರಿನಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲ್, ಬಳ್ಳಾರಿ ಟಸ್ಕರ್ಸ್ ಮತ್ತು ಹುಬ್ಬಳ್ಳಿ ಟೈಗರ್ಸ್. ಹುಬ್ಬಳ್ಳಿ ಗೆದ್ದಿತು. ಕೆಲವೇ ವಾರಗಳಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಳಗಾವಿ ಪ್ಯಾಂಥರ್ಸ್ ಮಾಲೀಕನನ್ನು ಬಂಧಿಸಿದರು. ನವೆಂಬರಿನಲ್ಲಿ ಬಳ್ಳಾರಿಯ ನಾಯಕ ಸಿ.ಎಂ. ಗೌತಮ್, ಜೊತೆ ಆಟಗಾರ ಅಬ್ರಾರ್ ಕಾಜಿ ಬಂಧಿತರಾದರು. ಫೈನಲ್‌ನಲ್ಲಿ ನಿಧಾನ ಆಡಲು 20 ಲಕ್ಷ ಪಡೆದರು ಎಂಬ ಆರೋಪ. ಗೌತಮ್ ಆ ಹಂಗಾಮಿಗೆ ಗೋವಾಕ್ಕೆ, ಕಾಜಿ ಮಿಜೋರಾಂಗೆ ಆಡಲು ಒಪ್ಪಿಕೊಂಡಿದ್ದರು. ಬಂಧನದ ಬೆನ್ನಿಗೇ ಆ ಎರಡೂ ಸಂಸ್ಥೆಗಳು ಒಪ್ಪಂದ ಕಡಿದುಕೊಂಡವು. ರಾಜ್ಯ ಕ್ರಿಕೆಟ್ ಸಂಸ್ಥೆಯ ಆಡಳಿತ ಸಮಿತಿಯಲ್ಲೇ ಇದ್ದವರೊಬ್ಬರನ್ನೂ ಪೊಲೀಸರು ಕರೆದೊಯ್ದರು.

2022ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಮೊಕದ್ದಮೆಯನ್ನು ರದ್ದು ಮಾಡಿತು. ಪಂದ್ಯ ಮೋಸದಾಟವಾಗಿದ್ದರೂ ಅದು ದಂಡಸಂಹಿತೆಯ 420ನೇ ಕಲಮಿಗೆ ಬರುವುದಿಲ್ಲ, ಟಿಕೆಟ್ಟನ್ನು ಜನ ತಾವಾಗಿಯೇ ಕೊಳ್ಳುತ್ತಾರೆ, ಅವರನ್ನು ವಂಚಿಸಿ ಹಣ ಕಿತ್ತರು ಎನ್ನಲಾಗದು ಎಂದಿತು. ಬಾಜಿ ಕಟ್ಟಿದ ಮಾತಿಗೆ ನಮ್ಮ ಪೊಲೀಸ್ ಕಾಯ್ದೆಯ ವ್ಯಾಖ್ಯೆ ಕ್ರೀಡೆಯನ್ನು ಜೂಜಿನಿಂದ ಹೊರಗಿಟ್ಟಿದೆ ಎಂದಿತು. ಹಾಗೆಂದು ಆಟಗಾರ ಹೀಗೆ ನಡೆದುಕೊಂಡರೆ ಅದು ಒಳ್ಳೆಯದೆಂದೇನೂ ಹೇಳಲಿಲ್ಲ. ಅದು ಅಪ್ರಾಮಾಣಿಕತೆ, ಅಶಿಸ್ತು, ಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಯದು, ಅದರ ನಿಯಮಾವಳಿಯಲ್ಲೇ ದಾರಿಯಿದೆ ಎಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ, ಅಲ್ಲೇನಾಗುತ್ತದೋ ಅದು ಬೇರೆ. ಆರೋಪ ರುಜುವಾತಾಗಿಲ್ಲ, ಆ ಆಟಗಾರರನ್ನು ತಪ್ಪಿತಸ್ಥರೆಂದು ಕರೆಯುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.

ಆದರೆ ಅಷ್ಟು ಜನ ಕೂತು ನೋಡಿದ ಒಂದು ಫೈನಲ್ ನಿಜವಾದ ಆಟವೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ಯಾರು? ಕೋರ್ಟು ಮಂಡಳಿಯ ಕಡೆ ಕೈ ತೋರಿಸಿತು. ನಾವು ಕೋರ್ಟಿನ ಕಡೆ ಕೈ ತೋರಿಸುತ್ತಿದ್ದೆವು. ಕೆಪಿಎಲ್ 2019ಕ್ಕೇ ನಿಂತಿತು. 2022ರಲ್ಲಿ ಅದೇ ಮೈದಾನಗಳಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಬೋರ್ಡು ಏರಿತು. ಹಾಳಾದ ಅಂಗಡಿ ಹೆಸರು ಬದಲಾಯಿಸಿ ಬಾಗಿಲು ತೆರೆದರೆ ನಾವು ಹೊಸ ಗಿರಾಕಿಗಳಂತೆ ಒಳಗೆ ಹೋಗಿ ಕೂರುತ್ತೇವೆ.

ಕೆನಡಾದ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2018ರ ಅಲ್ಲಿನ ಕಿರಿಯರ ಹಾಕಿ ವಿಶ್ವ ವಿಜೇತ ತಂಡದ ಐವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಹಾಕಿ ಕೆನಡಾ 2022ರಲ್ಲಿ ದೂರುದಾರಳ ಜೊತೆ ಗುಟ್ಟಾಗಿ ಹಣದ ರಾಜಿ ಮಾಡಿಕೊಂಡಿತು. ಅಂಥ ರಾಜಿಗಳಿಗೆ ಬಳಸುತ್ತಿದ್ದ ನಿಧಿಯಲ್ಲಿ ಊರೂರಿನ ಮಕ್ಕಳ ನೋಂದಣಿ ಶುಲ್ಕದ ಹಣವೂ ಇತ್ತೆಂದು ಗೊತ್ತಾದಾಗ ತಂದೆತಾಯಿಗಳು ಎದ್ದು ನಿಂತರು, ಪ್ರಾಯೋಜಕರು ಕೈ ತೆಗೆದರು, ಆಡಳಿತ ಮಂಡಳಿಯೇ ಹೋಯಿತು. ಮೊಕದ್ದಮೆ ನಡೆದು 2025ರ ಜುಲೈ 24ರಂದು ಐವರೂ ಖುಲಾಸೆಯಾದರು. ಖುಲಾಸೆಯಾದ ಕೂಡಲೇ ಹಾರ ಹಾಕಿ ಕರೆದುಕೊಂಡರೇ? ಇಲ್ಲ. ನ್ಯಾಯಾಲಯದ ತೀರ್ಪು ಒಂದು, ನಡತೆ ಇನ್ನೊಂದು ಎಂದು ನ್ಯಾಷನಲ್ ಹಾಕಿ ಲೀಗ್ ಹೇಳಿತು, ಡಿಸೆಂಬರ್ 1ರ ತನಕ ಆಡುವಂತಿಲ್ಲ ಎಂದು ದಿನಾಂಕ ಬರೆದುಕೊಟ್ಟಿತು. ಖುಲಾಸೆಯಾದವರಿಗೆ ಇನ್ನೂ ಯಾಕೆ ಶಿಕ್ಷೆ ಎಂದು ಆಟಗಾರರ ಸಂಘ ಜಗಳಕ್ಕೆ ನಿಂತಿತು. ಯಾರ ವಾದ ಸರಿಯೆಂದು ಕಿಬ್ಬನಹಳ್ಳಿಯಲ್ಲಿ ಕೂತು ಹೇಳುವುದು ಕಷ್ಟ. ಆದರೆ ವಾದ ನಡೆದದ್ದು ಬಹಿರಂಗದಲ್ಲಿ, ಕೊನೆಗೆ ಒಂದು ದಿನಾಂಕ ಇತ್ತು. ನಮ್ಮಲ್ಲಿ ಅಮಾನತಿಗೆ ಶುರುವಿನ ದಿನಾಂಕವಿರುತ್ತದೆ, ಕೊನೆಯ ದಿನಾಂಕ ಮುಂದಿನ ಟೂರ್ನಿ ಯಾವಾಗ ಎಂಬುದರ ಮೇಲೆ ನಿಂತಿರುತ್ತದೆ.

2024ರ ಕೊನೆಯಲ್ಲಿ ಹಾಕಿ ಇಂಡಿಯಾ ಲೀಗ್ ಏಳು ವರ್ಷದ ಮೇಲೆ ಮತ್ತೆ ಶುರುವಾಯಿತು. ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಹೋದರು. ಗಂಡಸರ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಗಣೇಶ್, ಗೋವಿಂದ, ಸೋಮಯ್ಯ, ರಘುನಾಥ್, ಸುನಿಲ್‌ರಂಥ ಹಾಕಿ ಆಟಗಾರರನ್ನು ಕೊಟ್ಟ ರಾಜ್ಯಕ್ಕೆ ಒಂದು ತಂಡವಿಲ್ಲ ಎಂಬ ಕೊರಗನ್ನು ಬೇಕಾದಷ್ಟು ಜನ ಬರೆದರು. ಹರಾಜಾದ ಹುಡುಗನ ಒಪ್ಪಂದ ಪತ್ರದಲ್ಲಿ ಏನಿದೆ, ಗಾಯವಾದರೆ ಯಾರು ನೋಡಿಕೊಳ್ಳುತ್ತಾರೆ, ಯಾವ ತಪ್ಪಿಗೆ ಒಪ್ಪಂದ ಮುರಿಯಬಹುದು, ಮುರಿದರೆ ಮೇಲ್ಮನವಿ ಎಲ್ಲಿ ಎಂದು ಬರೆದವರು ನನ್ನ ಕಣ್ಣಿಗೆ ಬೀಳಲಿಲ್ಲ. ಹರಾಜಿನ ಮೊತ್ತ ಮಾತ್ರ ನಮಗೆ ಸುದ್ದಿ. ಇದೇ ಲೀಗಿನ ಮೊದಲ ವರ್ಷ, 2013ರ ಜನವರಿಯಲ್ಲಿ ಪಾಕಿಸ್ತಾನದ ಒಂಬತ್ತು ಆಟಗಾರರನ್ನು ಯಾವ ತಪ್ಪೂ ಮಾಡದಿದ್ದರೂ ಗಡಿಯ ಗಲಾಟೆಯ ಕಾರಣಕ್ಕೆ ವಾಪಸು ಕಳಿಸಿದ್ದರು. ಒಪ್ಪಂದ ಎಂಬುದು ಅಷ್ಟು ತೆಳುವಾದ ಕಾಗದ ಎಂದು ಅಂದೇ ತಿಳಿಯಬೇಕಿತ್ತು.

ಕೊಡವರ ಕುಟುಂಬ ಹಾಕಿ ಹಬ್ಬ ನೋಡಿದಾಗಲೆಲ್ಲ ನನಗೆ ಅನಿಸುವುದು, ಅಲ್ಲಿ ಆಡುವವನ ಬೆನ್ನಿಗಿರುವುದು ಒಕ್ಕದ ಹೆಸರು, ಕೆಟ್ಟದಾಗಿ ನಡೆದುಕೊಂಡರೆ ಅಜ್ಜಿಯ ಎದುರು ನಿಲ್ಲಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಆ ಹಬ್ಬ 2024ರಲ್ಲಿ 360 ಕುಟುಂಬದ ತಂಡಗಳನ್ನು ಸೇರಿಸಿತು. ಆದರೆ ಅಜ್ಜಿಯ ಮೇಲೆ ಭಾರ ಹಾಕಿ ವೃತ್ತಿಪರ ಲೀಗ್ ನಡೆಸಲಾಗುವುದಿಲ್ಲ. ಅಲ್ಲಿ ಕಾಗದವೇ ಬೇಕು.

ಕಾಗದ ಎಂದಾಗ ನಮ್ಮ ಜನ "ಅಷ್ಟೆಲ್ಲ ಯಾಕೆ" ಎಂದು ಮುಖ ತಿರುಗಿಸುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ನಾಫೆಡ್ ಕೊಬ್ಬರಿ ಖರೀದಿಯ ನೋಂದಣಿಯಲ್ಲಿ ಅಕ್ರಮವಾಗಿದೆ ಎಂದು ಗೊತ್ತಾದಾಗ ಈ ಸೀಮೆಯ ರೈತ ಸುಮ್ಮನೆ ಕೂರಲಿಲ್ಲ. ಪಹಣಿ ಯಾರದು, ಬೆರಳಚ್ಚು ಯಾರದು, ಟೋಕನ್ ಯಾರಿಗೆ ಹೋಯಿತು ಎಂದು ಕೇಳಿದ, ಹಳೆಯ ನೋಂದಣಿ ರದ್ದಾಗಿ ಹೊಸದಾಗಿ ಮಾಡುವಂತಾಯಿತು. ಒಂದು ಕ್ವಿಂಟಲ್ ಕೊಬ್ಬರಿಗೆ ಇಷ್ಟು ಲೆಕ್ಕ ಕೇಳಬಲ್ಲವರು ನಾವು. ನಮ್ಮ ಮಗ ಆಡುವ ಆಟಕ್ಕೆ ಲೆಕ್ಕ ಕೇಳುವಾಗ ಮಾತ್ರ ಬಾಯಿಗೆ ಬೀಗ.

ಈಗ ನಮ್ಮ ಹೊನಲು ಬೆಳಕಿನ ಪಂದ್ಯಾವಳಿಗಳನ್ನೇ ತೆಗೆದುಕೊಳ್ಳಿ. ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್, ಊರಿಗೊಂದು ಪ್ರೀಮಿಯರ್ ಲೀಗ್. ಹರಾಜು ನಡೆಯುತ್ತದೆ, ಮಾಲೀಕರಿದ್ದಾರೆ, ಫ್ಲೆಕ್ಸಿನಲ್ಲಿ ಆಟಗಾರನಿಗಿಂತ ದೊಡ್ಡದಾಗಿ ಪ್ರಾಯೋಜಕರ ಮೀಸೆ. ಹೊರಗಿನಿಂದ ದುಡ್ಡು ಕೊಟ್ಟು ಕರೆಸಿದ ಆಟಗಾರ ಅಂಪೈರಿನ ಕೊರಳಪಟ್ಟಿ ಹಿಡಿದರೆ ಹಿರಿಯರು ಅಡ್ಡ ಬಂದು "ಆಯ್ತು ಬಿಡ್ರಪ್ಪ, ಹುಡುಗ್ರು" ಎಂದು ಕೈ ಕುಲುಕಿಸಿ ಫೋಟೊ ತೆಗೆಸುತ್ತಾರೆ. ಮುಂದಿನ ಪಂದ್ಯಕ್ಕೆ ಅವನೇ ಮೊದಲು ಕಣಕ್ಕಿಳಿಯುತ್ತಾನೆ. ಅಂಪೈರು ಆ ಊರಿಗೆ ಮತ್ತೆ ಬರುವುದಿಲ್ಲ. ಇದೇ ತಂಡದಲ್ಲಿ ಮೊಣಕಾಲು ತಿರುಚಿಕೊಂಡು ಬೆಂಚಿನಲ್ಲಿ ಕೂತ ಇನ್ನೊಬ್ಬ ಹುಡುಗನಿಗೆ ಮಾತಾಡಿದ ದುಡ್ಡಿನಲ್ಲಿ ಅರ್ಧ ಸಿಕ್ಕರೆ ಅದೃಷ್ಟ. ಕೇಳಲು ಹೋದರೆ "ನೀನು ಆಡ್ಲೇ ಇಲ್ವಲ್ಲ" ಎನ್ನುತ್ತಾರೆ. ಅವನು ಆಡಲಾಗದಂತಾದದ್ದು ಇವರಿಗಾಗಿ ಆಡುವಾಗಲೇ ಎಂಬುದು ಯಾರಿಗೂ ನೆನಪಿರುವುದಿಲ್ಲ. ದೆಹಲಿಯ ಒಕ್ಕೂಟಗಳನ್ನು ಬಯ್ಯುವ ಮೊದಲು ಈ ಸಮಿತಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಲ್ಲಿ ಕೂತವರು ನಮ್ಮ ಅಣ್ಣ, ಭಾವ, ಮಾವಂದಿರೇ.

2025ರ ಆಗಸ್ಟಿನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಕ್ರೀಡಾ ನ್ಯಾಯಮಂಡಳಿ, ಒಕ್ಕೂಟಗಳಲ್ಲಿ ಆಟಗಾರರ ಸಮಿತಿ, ಹೆಣ್ಣುಮಕ್ಕಳು ಮತ್ತು ಎಳೆಯರ ಸುರಕ್ಷತೆಯ ನೀತಿ, ಎಲ್ಲ ಅದರಲ್ಲಿವೆ. ಒಳ್ಳೆಯದೇ. 2013ರ ಕಾನೂನೂ ಒಳ್ಳೆಯದೇ ಇತ್ತು. ಕಾಯ್ದೆ ಬಂತಲ್ಲ, ಇನ್ನು ಅದೇ ನೋಡಿಕೊಳ್ಳುತ್ತದೆ ಎಂದು ಕಾಲು ಚಾಚುವವರನ್ನು ಈಗಿನಿಂದಲೇ ಎಬ್ಬಿಸಬೇಕಾಗಿದೆ. ನ್ಯಾಯಮಂಡಳಿಯ ಮುಂದೆ ಆಟಗಾರ ಇಡಬೇಕಾದ ಮೊದಲ ದಾಖಲೆಯೇ ಅವನ ಒಪ್ಪಂದ ಪತ್ರ. ಅವನ ಕೈಯಲ್ಲಿ ಅದರ ಪ್ರತಿಯೇ ಇಲ್ಲದಿದ್ದರೆ ಮಂಡಳಿ ಏನನ್ನು ಓದಬೇಕು?

ಸುಗ್ಗಿ ಮುಗಿದು ಚಂದಾ ಪುಸ್ತಕ ಹಿಡಿದು ಬರುವ ಸಮಿತಿಯವರಿಗೆ ಈ ಸಲ ನಾನು ಕೇಳುವುದು ಇಷ್ಟು. ಹೊರಗಿನಿಂದ ಕರೆಸುವ ಹುಡುಗನ ಕೈಗೆ ಒಂದು ಹಾಳೆ ಕೊಡಿ: ಎಷ್ಟು ಹಣ, ಯಾವತ್ತು ಕೊಡುತ್ತೀರಿ, ಗಾಯವಾದರೆ ಆಸ್ಪತ್ರೆ ಯಾರ ಲೆಕ್ಕ. ಅಂಪೈರಿನ ಮೇಲೆ ಕೈ ಮಾಡಿದರೆ ಎಷ್ಟು ಪಂದ್ಯ ಹೊರಗೆ ಎಂಬುದನ್ನು ಹರಾಜಿಗೆ ಮೊದಲೇ ಬರೆದು ಫ್ಲೆಕ್ಸಿನಲ್ಲಿ ಹಾಕಿ, ಬೇಕಾದರೆ ಪ್ರಾಯೋಜಕರ ಮೀಸೆಯನ್ನು ಸ್ವಲ್ಪ ಸಣ್ಣದು ಮಾಡಿ. ತಪ್ಪು ಮಾಡಿದವನನ್ನು ಹೊರಗೆ ಹಾಕುವ ಮೊದಲು ಅವನ ಮಾತು ಕೇಳಲು ಸಮಿತಿಗೆ ಸೇರದ ಇಬ್ಬರನ್ನು ಕೂರಿಸಿ. ಹೆಣ್ಣುಮಕ್ಕಳ ಪಂದ್ಯ ಇಡುವುದಾದರೆ ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ, ಅವರ ಫೋನ್ ನಂಬರು ಎಲ್ಲ ಹುಡುಗಿಯರ ಬಳಿ ಇರಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಜೆರಾಕ್ಸಿನ ದುಡ್ಡು ನಾನೇ ಕೊಡುತ್ತೇನೆ. ಹಾಳೆ ತೋರಿಸಿದ ಮೇಲೆ ರಸೀತಿ ಬರೆಯಿರಿ.